ಜೆಟ್ ಹಾಕಿದ ಗ್ಲೈಡರ್, ಮೆಣಸಿನಕಾಯಿ ಕಣ ಮತ್ತು ಒಂದು ಆಡಿಟ್ ಆಕ್ಷೇಪಣೆ

ಎಂಜಿನ್ ಇಲ್ಲದೆ ತೇಲುವ ಗ್ಲೈಡರಿಗೆ ಜೆಟ್ ಎಂಜಿನ್ ಕೂರಿಸಿದರೆ ಹಾರಾಟದ ಸೊಗಸು ಕೆಡುತ್ತದೆಯೇ ಎಂಬ ಜಗಳ ನಮ್ಮ ವರ್ಕ್‌ಶಾಪಿನಲ್ಲಿ ಇನ್ನೂ ಮುಗಿದಿಲ್ಲ. ಮುಗಿದಿರುವುದು ಮೆಣಸಿನಕಾಯಿ ಪರಿಹಾರದ ಕಡತ ಮಾತ್ರ. ಅದಕ್ಕೆ ಯಾವ ಲೆಕ್ಕಶೀರ್ಷಿಕೆಯೂ ಹೊಂದದೆ, ಕೊನೆಗೆ ‘ವಿದ್ಯಾರ್ಥಿಗಳ ಕ್ಷೇತ್ರ ಭೇಟಿ’ ಎಂಬುದರ ಅಡಿಯಲ್ಲಿ ತಳ್ಳಿದರು.

ನಾನು ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಏರೋಮಾಡೆಲಿಂಗ್ ಕ್ಲಬ್ ಕೂಡ ನನ್ನ ತಲೆಗೇ ಕಟ್ಟಿದೆ. ಅದಕ್ಕೆ ಪ್ರತ್ಯೇಕ ಭತ್ಯೆ ಇಲ್ಲ, ಪ್ರತ್ಯೇಕ ಬೈಗುಳ ಇದೆ. ನಮ್ಮ ಹುಡುಗರು ಕಟ್ಟಿದ, ರಿಮೋಟಿನಿಂದ ಹಾರಿಸುವ ಐದು ಮೀಟರ್ ರೆಕ್ಕೆಯ ಗ್ಲೈಡರ್ ಮೊದಲು ಬಂಗಿ ಎಂಬ ರಬ್ಬರ್ ಹಗ್ಗದ ಸೆಳೆತದಲ್ಲಿ, ಆಮೇಲೆ ಮೂತಿಯ ಎಲೆಕ್ಟ್ರಿಕ್ ಮೋಟರಿನಲ್ಲಿ ಸೊಗಸಾಗಿ ಏರುತ್ತಿತ್ತು. ಅಷ್ಟರಲ್ಲಿ ಮಾನ್ಯತೆ ಪರಿಶೀಲನೆಗೆ ತಂಡ ಬರುತ್ತದೆ ಎಂಬ ಸುದ್ದಿ ಬಂತು. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು, “ಸದ್ದೇ ಮಾಡದ ವಿಮಾನವನ್ನು ಅತಿಥಿಗಳು ಗಮನಿಸುವುದಾದರೂ ಹೇಗೆ?” ಎಂದು ಕೇಳಿದರಂತೆ. ಜೆಟ್ ಖರೀದಿಗೆ ಒಪ್ಪಿಗೆ ಸಿಕ್ಕಿದ್ದು ಹೀಗೆ.

ಮೊದಲ ದಿನದಿಂದಲೂ ಅದನ್ನು ವಿರೋಧಿಸಿದವರು ನಮ್ಮ ಫೋರ್‌ಮನ್. ಅವರು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಆಯುಷ್ಯದ ಅರ್ಧ ಭಾಗ ಜೆಟ್ ಎಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಿದ ಮನುಷ್ಯನೇ ಜೆಟ್ ಬೇಡ ಎನ್ನುತ್ತಿದ್ದರೆ ಪ್ರಾಂಶುಪಾಲರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ನಮ್ಮ ದೇಶದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ ರೂಪಿಸಿದ ಗ್ಲೈಡರುಗಳ ಹೆಸರುಗಳನ್ನು ಫೋರ್‌ಮನ್ ಪಂಚಾಂಗದ ಕ್ರಮದಲ್ಲೇ ಒಪ್ಪಿಸುತ್ತಾರೆ: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ. “ಇಷ್ಟು ನಕ್ಷತ್ರಗಳಲ್ಲಿ ಯಾವುದಕ್ಕೆ ಎಂಜಿನ್ ಬೇಕಾಯಿತು ಹೇಳಿ ಸರ್” ಎಂಬುದು ಅವರ ಖಾಯಂ ಪ್ರಶ್ನೆ.

ನಾನು ಆಗ ಜೆಟ್ ಪರ. ಈಗಲೂ ಅಷ್ಟೇ. 1949ರಲ್ಲೇ ಫ್ರಾನ್ಸಿನ ಫೂಗಾ ಕಂಪನಿ ಗ್ಲೈಡರಿನ ಬೆನ್ನ ಮೇಲೆ ತುರ್ಬೊಮೆಕಾದ ಪುಟ್ಟ ಜೆಟ್ ಕೂರಿಸಿ ಹಾರಿಸಿತ್ತು. ಬಿಸಿ ಗಾಳಿ ಬಾಲಕ್ಕೆ ಬಡಿಯದೆ ನಡುವಿನಿಂದ ಹಾದುಹೋಗುವಂತೆ ಬಾಲವನ್ನು ಎರಡು ಕವಲಾಗಿ ಎತ್ತಿದ್ದರು. ಆ ವಂಶದಲ್ಲೇ ಮುಂದೆ ಮ್ಯಾಜಿಸ್ಟರ್ ಎಂಬ ತರಬೇತಿ ಜೆಟ್ ಹುಟ್ಟಿತು. ಈಗ ದಕ್ಷಿಣ ಆಫ್ರಿಕಾದ ಜೆಎಸ್1, ಚೆಕ್ ದೇಶದ ಶಾರ್ಕ್ ಮುಂತಾದ ಸ್ಪರ್ಧಾ ಗ್ಲೈಡರುಗಳಿಗೆ ಸುಮಾರು 40 ಕಿಲೋ ನೂಕುಬಲದ ಜೆಟ್ ಹಾಕಿಸಿಕೊಳ್ಳಬಹುದು. ಅದು ಪೈಲಟ್‌ನ ಬೆನ್ನ ಹಿಂದೆ ಮಡಚಿಕೊಂಡು ಮಲಗಿರುತ್ತದೆ. ನೆಲದಿಂದ ಏರುವ ಶಕ್ತಿ ಅದಕ್ಕಿಲ್ಲ, ಏರಿಸುವುದಕ್ಕೆ ಎಳೆದೊಯ್ಯುವ ಟೋ ವಿಮಾನವೋ ನೆಲದ ವಿಂಚೋ ಬೇಕು. ಸಂಜೆ ಥರ್ಮಲ್, ಅಂದರೆ ಮೇಲೇಳುವ ಬಿಸಿ ಗಾಳಿ, ಸತ್ತಾಗ ಯಾರದೋ ಹೊಲದಲ್ಲಿ ಇಳಿದು ಟ್ರೇಲರಿಗಾಗಿ ಕಾಯುವ ಬದಲು ಮನೆ ಮುಟ್ಟಿಸುವುದಷ್ಟೇ ಅದರ ಕೆಲಸ.

ಪ್ರೊಪೆಲ್ಲರಿಗಿಂತ ಜೆಟ್ ಏಕೆ ಮೇಲು ಎಂದರೆ, ಅದು ಹೊತ್ತಿಕೊಳ್ಳದಿದ್ದಾಗಲೂ ಅಷ್ಟಾಗಿ ಕಾಡುವುದಿಲ್ಲ. ಕಂಬದ ಮೇಲೆ ಎದ್ದು ನಿಂತ ಪ್ರೊಪೆಲ್ಲರ್ ಚಾಲೂ ಆಗದೆ ಹೋದರೆ ಅದೇ ದೊಡ್ಡ ಬ್ರೇಕು. ಗ್ಲೈಡರ್ ಕಲ್ಲಿನಂತೆ ಇಳಿಯತೊಡಗುತ್ತದೆ. ಜೆಟ್ ಅಂಗೈಯಗಲದ ವಸ್ತು, ಅದರ ಎಳೆತ ಕಡಿಮೆ. ದೋಷವೂ ಇದೆ. ಸ್ವಲ್ಪವೇ ಗಾಳಿಯನ್ನು ವಿಪರೀತ ವೇಗದಲ್ಲಿ ಹಿಂದಕ್ಕೆ ಉಗುಳುವ ಯಂತ್ರವಾದ್ದರಿಂದ ಗ್ಲೈಡರಿನಂಥ ನಿಧಾನದ ವಾಹನದಲ್ಲಿ ಇಂಧನವೆಲ್ಲ ಪೋಲು. ಸದ್ದನ್ನಂತೂ ಹೇಳುವುದೇ ಬೇಡ.

ಫೋರ್‌ಮನ್ನರ ತಕರಾರು ಇಂಧನದ ಮೇಲೂ ಇರಲಿಲ್ಲ, ಸದ್ದಿನ ಮೇಲೂ ಇರಲಿಲ್ಲ. “ಸ್ಪರ್ಧೆಯಲ್ಲಿ ಎಂಜಿನ್ ಹಚ್ಚಿದರೆ ಹಚ್ಚಿದ ಜಾಗದಲ್ಲೇ ಇಳಿದಂತೆ ಲೆಕ್ಕ” ಎಂದು ನಾನು ನಿಯಮ ಹೇಳುತ್ತಿದ್ದೆ. ಹಾರಾಟದ ರೆಕಾರ್ಡರಿನಲ್ಲಿ ಎಂಜಿನ್ ಸದ್ದು ಹಿಡಿಯುವ ಮೈಕ್ ಇರುತ್ತದೆ. ಜೆಟ್‌ನ ಕೀರಲು ಸದ್ದಿಗೆ ಅದೊಂದನ್ನೇ ನಂಬುವಂತಿಲ್ಲವೆಂದು ಬೇರೆ ಸೆನ್ಸರನ್ನೂ ಕೇಳುತ್ತಾರೆ, ಹಾಗಾಗಿ ಕಳ್ಳಾಟ ನಡೆಯುವುದಿಲ್ಲ. ಫೋರ್‌ಮನ್ ಒಪ್ಪದೆ ತಲೆಯಾಡಿಸುತ್ತಿದ್ದರು. “ಹಚ್ಚದೇ ಇದ್ದರೂ ಅದು ಅವನ ಹಿಂದೆ ಇದೆಯಲ್ಲ ಸರ್. ಬರಿಗೈಯವನು ಹೋಗಲು ಹೆದರುವ ಕಾಡಿನ ಮೇಲೆ ಇವನು ಧೈರ್ಯವಾಗಿ ಹೋಗುತ್ತಾನೆ. ಸ್ಪರ್ಧೆ ಅಲ್ಲೇ ಕೆಟ್ಟಿತು.”

ಖರೀದಿಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಇಲ್ಲದಿದ್ದರೆ ರಕ್ತದೊತ್ತಡ ಏರುತ್ತದೆ. ಮೂರು ಕೊಟೇಶನ್ ತಂದೆವು. ಎಂಜಿನ್ ಬಂತು: ನಿಮಿಷಕ್ಕೆ ಎರಡು ಲಕ್ಷ ಸುತ್ತು ಮೀರಿ ತಿರುಗುವ, ಒಂದು ಹಿಡಿಗೆ ಸಿಗುವ ಯಂತ್ರ. ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ಅಂದರೆ ಇಸಿಯುಗೆ, ಬೇಕಾದ ಬ್ಯಾಟರಿಯನ್ನು ಮಾತ್ರ ‘ಬಳಸಿ ಮುಗಿಯುವ ವಸ್ತು’ ಎಂದು ಇಂಡೆಂಟಿನಿಂದ ಹೊಡೆದುಹಾಕಿದರು. ಎಲೆಕ್ಟ್ರಾನಿಕ್ಸ್ ವಿಭಾಗದವರ ಹಳೆಯ ಬ್ಯಾಟರಿಯನ್ನು ಬೇಡಿ ತಂದೆವು. ಸೀಮೆಎಣ್ಣೆಗಾಗಿ ಸ್ಟೋರ್ ಕೀಪರ್ ಊರೆಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಕೊನೆಗೆ ಬಂಕಿನ ಡೀಸೆಲ್‌ಗೆ ಶೇಕಡಾ 5ರಷ್ಟು ಟರ್ಬೈನ್ ಎಣ್ಣೆ ಬೆರೆಸಿದೆವು. ಕೈಪಿಡಿಯಲ್ಲಿ ಅದಕ್ಕೆ ಅನುಮತಿ ಇತ್ತು, ಆದರೆ ಡೀಸೆಲ್ ಹೊತ್ತಿಕೊಳ್ಳುವುದು ನಿಧಾನ. ವರ್ಕ್‌ಶಾಪಿನ ಬೆಂಚಿನ ಮೇಲೆ ಮುಕ್ಕಾಲು ನಿಮಿಷದೊಳಗೆ ಐಡಲ್‌ಗೆ, ಅಂದರೆ ತಾನೇ ತಿರುಗುವ ಕನಿಷ್ಠ ವೇಗಕ್ಕೆ, ಬರುತ್ತಿತ್ತು. ಬೆಂಚು ನೆಲದ ಮೇಲಿತ್ತು, ನೆರಳಿನಲ್ಲಿತ್ತು, ಚಾರ್ಜರಿಗೆ ಹತ್ತಿರವಿತ್ತು.

ಪ್ರದರ್ಶನಕ್ಕೆ ಆರಿಸಿದ ಜಾಗ ಕುರುಗೋಡು ಕಡೆಯ ಒಂದು ಬಯಲು. ತೋರಣಗಲ್ಲಿನ ವಿಮಾನ ನಿಲ್ದಾಣದಿಂದ ಸಾಕಷ್ಟು ದೂರ ಬೇಕಿತ್ತು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಮೀರುವಂತಿಲ್ಲ. ಈ 120 ಎಂಬ ಸಂಖ್ಯೆಯನ್ನು ನಾನು ಅರ್ಜಿಯಲ್ಲಿ ಬರೆದಿದ್ದೆನೇ ಹೊರತು ಅದನ್ನು ಮುಕ್ಕಾಲು ನಿಮಿಷದ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಬಿಸಿಲು ಆಗಲೇ ಕಾವೇರಿತ್ತು. ಒಂದು ಕಡೆ ಬಂಡೆಗಳ ಗುಡ್ಡ, ಇನ್ನೊಂದು ಕಡೆ ಕೊಯ್ಲಾದ ಎರೆಹೊಲ, ನಡುವೆ ಕಾಲುವೆ. ಕಾಲುವೆಯಾಚೆ ಕಣದ ತುಂಬ ಕೆಂಪು ಮೆಣಸಿನಕಾಯಿ ಹರವಿದ್ದರು. ನಮ್ಮ ಕಡೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಎಳನೀರು. ಜೆಟ್ ಹೊತ್ತಿದಾಗ ಅತಿಥಿಗಳು ಎದ್ದು ನಿಂತರು. ಗ್ಲೈಡರ್ ಡಾಲಿ ಎಂಬ ಗಾಲಿಬಂಡಿಯನ್ನು ಬಿಟ್ಟು ಏರಿದಾಗ ಚಪ್ಪಾಳೆ. ಬಿಸಿ ಗಾಳಿ ತೆಳುವಾದ್ದರಿಂದ ಏರಿಕೆ ಬೆಂಚಿನ ಲೆಕ್ಕಕ್ಕಿಂತ ಮಂದವಾಗಿತ್ತು. ಆದರೂ 110 ಮೀಟರ್ ಸಿಕ್ಕಿತು. ಎಂಜಿನ್ ಬಂದ್ ಮಾಡಿದೆ.

ಆಮೇಲಿನ ಕೆಲವು ನಿಮಿಷಗಳನ್ನು ಯಾರೂ ನನ್ನಿಂದ ಕಸಿದುಕೊಳ್ಳಲಾರರು. ಗುಡ್ಡದ ಬಂಡೆಗಳ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಗ್ಲೈಡರನ್ನು ಅವುಗಳ ಸುತ್ತಿನೊಳಗೆ ಸೇರಿಸಿದೆ. ಏರಿಳಿತವನ್ನು ಸದ್ದಿನಲ್ಲಿ ತಿಳಿಸುವ ವೇರಿಯೋ ಕಿವಿಯಲ್ಲಿ ಹಾಡತೊಡಗಿತು. ಏರಿ ಏರಿ 120 ದಾಟೀತೆಂದು ರೆಕ್ಕೆಯ ಏರುಬಲ ತಗ್ಗಿಸುವ ಸ್ಪಾಯ್ಲರ್ ಎತ್ತಿ ಹಿಡಿದಿಡಬೇಕಾಯಿತು. ಒಂದು ಹದ್ದು ರೆಕ್ಕೆಯ ತುದಿಯ ಪಕ್ಕಕ್ಕೇ ಬಂದು ಒಮ್ಮೆ ಕತ್ತು ಹೊರಳಿಸಿ ನೋಡಿ, ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸುತ್ತು ಮುಂದುವರಿಸಿತು. ಎಂಜಿನ್ ಇದ್ದರೆ ತೇಲುವ ಸುಖ ಕೆಡುತ್ತದೆ ಎನ್ನುವವರು ಆ ಹೊತ್ತಿನಲ್ಲಿ ಅಲ್ಲಿರಬೇಕಿತ್ತು. ಅಂಥವರೊಬ್ಬರು ಇದ್ದರು ಕೂಡ. ಫೋರ್‌ಮನ್ ಪಕ್ಕದಲ್ಲೇ ನಿಂತು ಗಾಳಿ ನೋಡುತ್ತಿದ್ದರು.

ಥರ್ಮಲ್ ಒಂದೆಡೆ ನಿಲ್ಲುವುದಿಲ್ಲ, ಗಾಳಿಯ ಜೊತೆ ಜಾರುತ್ತದೆ. ಸುತ್ತು ಹಾಕುತ್ತ ನಾನೂ ಅದರ ಜೊತೆ ಪಡುವಣಕ್ಕೆ ಜಾರಿದೆ. ಬಂಗಿಯ ಕಾಲದಲ್ಲಿ ಆಗಿದ್ದರೆ ಕಾಲುವೆ ಕಾಣುವ ಮೊದಲೇ ಮೂತಿ ತಿರುಗಿಸುತ್ತಿದ್ದೆ, ಬೆರಳಿಗೆ ಆ ಅಭ್ಯಾಸ ಇತ್ತು. ಅವತ್ತು ತಿರುಗಿಸಲಿಲ್ಲ. ಅಂಥ ಯೋಚನೆಯೇ ಬರಲಿಲ್ಲ. ಎಂಜಿನ್ ಇದೆ, ಬೇಕಾದಾಗ ಹಚ್ಚಿಕೊಂಡು ಬಂದರಾಯಿತು ಎಂದು ಮನಸ್ಸಿನಲ್ಲಿ ಹೇಳಿಕೊಂಡೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ, ಹೇಳಿಕೊಂಡಿರಲೂ ಇಲ್ಲ.

ಹಿಂದಿನಿಂದ ಪ್ರಾಂಶುಪಾಲರ ದನಿ: “ಎಂಜಿನ್ ಯಾಕೆ ನಿಂತಿತು? ಕೆಟ್ಟಿತೇ? ಅತಿಥಿಗಳು ಕೇಳುತ್ತಿದ್ದಾರೆ, ಮತ್ತೆ ಹಚ್ಚಿ.” ಅದೇ ಹೊತ್ತಿಗೆ ವೇರಿಯೋ ಬಾಯಿ ಮುಚ್ಚಿತು. ಥರ್ಮಲ್‌ನ ಅಂಚಿನಿಂದ ಹೊರಗೆ ಬಿದ್ದಿದ್ದೆ. ಅಂಚಿನಾಚೆ ಗಾಳಿ ಇಳಿಯುತ್ತದೆ, ಸೆಕೆಂಡಿಗೆ ಎರಡು ಮೀಟರಿನಷ್ಟು ನಮ್ಮನ್ನೂ ಇಳಿಸುತ್ತಿತ್ತು. ಸ್ವಿಚ್ ಮೇಲಕ್ಕೆ ಹಾಕಿದೆ.

ಗ್ಲೈಡರಿನಿಂದ ಬರುವ ಟೆಲಿಮೆಟ್ರಿ ಅಂಕಿಗಳನ್ನು ಓದುತ್ತಿದ್ದವಳು ಅಂತಿಮ ವರ್ಷದ ಹುಡುಗಿ. “ಸರ್, ಸ್ಟಾರ್ಟರ್ ತಿರುಗುತ್ತಿದೆ. ಇಜಿಟಿ ಏರುತ್ತಿದೆ.” ಇಜಿಟಿ ಎಂದರೆ ಎಂಜಿನ್ ಉಗುಳುವ ಗಾಳಿಯ ಬಿಸಿ. ಸ್ವಲ್ಪ ತಡೆದು, “ಏರುವುದು ನಿಂತಿತು ಸರ್.” ಬ್ಯಾಟರಿ ಬಳಲಿತ್ತು, ಡೀಸೆಲ್ ಹೊತ್ತಲಿಲ್ಲ. ಇಸಿಯು ಪ್ರಯತ್ನ ಕೈಬಿಟ್ಟು ಕೂಲ್‌ಡೌನ್‌ಗೆ, ಅಂದರೆ ಸ್ಟಾರ್ಟರ್ ತಿರುಗಿಸಿ ಎಂಜಿನ್ ತಣಿಸುವುದಕ್ಕೆ, ಹೋಯಿತು. ಅದು ಮುಗಿಯುವವರೆಗೆ ಬ್ರಹ್ಮ ಬಂದು ಹೇಳಿದರೂ ಅದು ಎಂಜಿನ್ ಹಚ್ಚುವುದಿಲ್ಲ. ನಾನು ಸ್ವಿಚ್ ಕೆಳಗಿಳಿಸಿ ಮತ್ತೆ ಮೇಲಕ್ಕೆ ಹಾಕಿದೆ. “ಕೂಲ್‌ಡೌನ್ ಸರ್. ಎತ್ತರ ಅರವತ್ತು.” ಮತ್ತೊಮ್ಮೆ ಹಾಕಿದೆ. ಕಣ್ಣು ಗ್ಲೈಡರಿನ ಮೇಲಿದ್ದರೂ ಕಿವಿಯೆಲ್ಲ ಅವಳ ಬಾಯಿಗೆ ಅಂಟಿತ್ತು. ಅವಳು ‘ಐಡಲ್’ ಎಂಬ ಒಂದು ಪದ ಹೇಳಲಿ ಎಂದು ಕಾಯುತ್ತ, ಇದ್ದ ಎತ್ತರವನ್ನು ಕರಗಿಸುತ್ತಿದ್ದೆ.

“ಎಂಜಿನ್ ಮರೆತುಬಿಡಿ ಸರ್, ನೆಲ ನೋಡಿ” ಎಂದರು ಫೋರ್‌ಮನ್. ದನಿ ಏರಿಸಲಿಲ್ಲ.

ನೋಡಿದೆ. ಕಾಲುವೆ ದಾಟಿ ಈಚೆ ಬರುವಷ್ಟು ಎತ್ತರ ಉಳಿದಿರಲಿಲ್ಲ. ಎರೆಹೊಲದ ಮೇಲೆ ಇನ್ನೊಂದು ತಿರುವಿಗೂ ಜಾಗವಿರಲಿಲ್ಲ. ಎದುರಿಗಿದ್ದ ಒಂದೇ ಸಮತಟ್ಟು ಎಂದರೆ ಆ ಕಣ. ಕಣದಂಚಿನಲ್ಲಿ ಕಾಯಿ ತಿರುವಿ ಹಾಕುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ, ಬದಿಗೆ ಸರಿದಳು. ಪೂರ್ತಿ ಸ್ಪಾಯ್ಲರ್. ಗ್ಲೈಡರ್ ಮೆಣಸಿನಕಾಯಿಯ ಮೇಲೆ ಸರಸರನೆ ಜಾರಿ, ಒಂದು ರೆಕ್ಕೆ ನೆಲಕ್ಕೆ ತಾಗಿ, ಅರ್ಧ ಸುತ್ತು ತಿರುಗಿ, ಬಾಲವನ್ನು ರಾಶಿಯ ಕಡೆಗೆ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಉಸಿರು ಬಿಟ್ಟೆ.

ಆಗ ಆ ಹುಡುಗಿ ಹೇಳಿದಳು: “ಸರ್, ಇಗ್ನಿಷನ್.”

ಸ್ವಿಚ್ ಮೇಲೆಯೇ ಇತ್ತು. ಕೂಲ್‌ಡೌನ್ ಮುಗಿದ ಕೂಡಲೇ ಇಸಿಯು ನನ್ನ ಕೊನೆಯ ಆಜ್ಞೆಯನ್ನು ನಿಷ್ಠೆಯಿಂದ ಪಾಲಿಸಿತು. ಮೊದಲ ಪ್ರಯತ್ನದಲ್ಲಿ ಉರಿಯದೆ ಉಳಿದಿದ್ದ ಡೀಸೆಲ್ ಒಮ್ಮೆಲೇ ಹೊತ್ತಿ ನಾಲಿಗೆಯುದ್ದದ ಬೆಂಕಿಯನ್ನು ರಾಶಿಗೆ ಉಗುಳಿತು. ಸ್ವಿಚ್ ಇಳಿಸಿದೆ, ಎಂಜಿನ್ ನಿಂತಿತು. ಆದರೆ ನಿಂತ ಎಂಜಿನ್ ಮತ್ತೆ ಕೂಲ್‌ಡೌನ್ ಮಾಡಬೇಕಲ್ಲ! ಸ್ಟಾರ್ಟರ್ ತಿರುಗಿ ತಿರುಗಿ ಆ ಸುಡುವ ಮೆಣಸಿನಕಾಯಿಗೆ ತಿದಿ ಊದಿದಂತೆ ಗಾಳಿ ಊದಿತು. ಮೂಡಣ ಗಾಳಿಯಾದ್ದರಿಂದ ಶಾಮಿಯಾನ ಉಳಿಯಿತು. ಕಾಲುವೆಯ ಸೇತುವೆ ದಾಟಿ ಓಡಿಹೋದ ನಾವು ಉಳಿಯಲಿಲ್ಲ. ಆ ಘಾಟು ಮೂಗಿನಿಂದ ಹೊಟ್ಟೆಯವರೆಗೆ ಇಳಿದು, ಒಬ್ಬರಿಗೊಬ್ಬರು ಕಾಣದಂತೆ ಕಣ್ಣೀರು ಸುರಿಸುತ್ತ ಕೆಮ್ಮುತ್ತಿದ್ದೆವು. ಅಗ್ನಿಶಾಮಕ ಸಿಲಿಂಡರ್ ನಿಯಮದಂತೆ ಟೇಕಾಫ್ ಜಾಗದಲ್ಲಿ ಭದ್ರವಾಗಿತ್ತು. ಬೆಂಕಿ ಆರಿಸಿದ್ದು ಆ ಹೆಂಗಸು, ಕುಡಿಯಲು ತಂದಿಟ್ಟುಕೊಂಡಿದ್ದ ಕೊಡದ ನೀರಿನಿಂದ. “ಅವ್ವಾ, ನಿಮಗೇನೂ ಆಗಲಿಲ್ಲವಲ್ಲ?” ಎಂದು ಕೇಳುವುದಕ್ಕೂ ನನಗೆ ದನಿ ಹೊರಡಲಿಲ್ಲ.

ಹೊಲದ ಯಜಮಾನರು ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಸುಟ್ಟ ಕಾಯಿಯನ್ನು ಬಿಟ್ಟು ಅದರ ಸುತ್ತಲಿನ ಚೆನ್ನಾದ ಕಾಯಿಯನ್ನು ಮುಷ್ಟಿಯಲ್ಲಿ ತೆಗೆದು ನನ್ನ ಮೂಗಿಗೆ ಹಿಡಿದರು. ಡೀಸೆಲ್. “ಸುಟ್ಟದ್ದು ಹೋಗಲಿ ಸರ್. ಈ ವಾಸನೆಯ ಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಯಲ್ಲಿ ಯಾರು ಮುಟ್ಟುತ್ತಾರೆ?” ಪರಿಹಾರದ ಮೊತ್ತ ನಿಗದಿಯಾದದ್ದು ಆ ವಾಸನೆಯ ಮೇಲೆ. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಈಗ ಕ್ಲಬ್ಬಿನ ದಾಖಲೆ ಪುಸ್ತಕದಲ್ಲಿ ಫೋರ್‌ಮನ್ ಮತ್ತು ನಾನು ಇಬ್ಬರೂ ಸಹಿ ಹಾಕಿದ ಪುಟ ಒಂದಿದೆ. ಎಂಜಿನ್ ಏರಿಸುವುದಕ್ಕೆ ಮಾತ್ರ. ಒಮ್ಮೆ ಬಂದ್ ಮಾಡಿದರೆ ಆ ಹಾರಾಟಕ್ಕೆ ಅದು ಇಲ್ಲ ಎಂದೇ ಲೆಕ್ಕ, ಸ್ವಿಚ್‌ಗೆ ಬೀಗ. ಕಾರಣ ಬರೀ ಗಣಿತ: ಸೆಕೆಂಡಿಗೆ ಎರಡು ಮೀಟರ್ ಇಳಿಯುವ ಗಾಳಿಯಲ್ಲಿ 110 ಮೀಟರ್ ಎಂದರೆ ಒಂದು ನಿಮಿಷವೂ ಅಲ್ಲ. ನಮ್ಮ ಎಂಜಿನ್ ಸಲೀಸಾಗಿ ಹೊತ್ತಿದರೂ ಅದರಲ್ಲಿ ಮುಕ್ಕಾಲು ನಿಮಿಷ ತಿನ್ನುತ್ತದೆ. ಮನುಷ್ಯರು ಕೂರುವ ಗ್ಲೈಡರುಗಳಿಗೆ ಸಾವಿರಾರು ಅಡಿಗಳ ಅನುಕೂಲ ಉಂಟು. ಆದರೂ ತಿಳಿದವರು ಇಳಿಯುವ ಹೊಲವನ್ನು ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆಯೇ ಎಂಜಿನ್ ಹಚ್ಚಲು ಹೋಗುತ್ತಾರೆ. ಹೊತ್ತಿಕೊಳ್ಳಲಿಲ್ಲವೋ, ಸುಮ್ಮನೆ ಇಳಿಯುತ್ತಾರೆ. ಅಂದರೆ ಎಂಜಿನ್ ಇದ್ದವನು ಬರಿಗೈಯವನಿಗಿಂತ ಹೆಚ್ಚು ಎತ್ತರದಲ್ಲಿ ತೀರ್ಮಾನ ಮಾಡಬೇಕು. ನಾನು ಮಾಡಿದ್ದು ಪೂರಾ ತಲೆಕೆಳಗು.

ಇಷ್ಟಾದರೂ ಜೆಟ್ ಬೇಡ ಎಂದು ನಾನು ಹೇಳುವುದಿಲ್ಲ. ಆ ಹದ್ದಿನ ಪಕ್ಕದ ಸುತ್ತು ಜೆಟ್ ಏರಿಸಿದ್ದರಿಂದಲೇ ಸಿಕ್ಕಿತು ಎಂದು ಫೋರ್‌ಮನ್ನರ ಮುಂದೆ ವಾದಿಸುತ್ತೇನೆ. ಬಂಗಿಯಲ್ಲೂ ಸಿಗುತ್ತಿತ್ತು, ಡೀಸೆಲ್ ಉಳಿಯುತ್ತಿತ್ತು ಎಂದು ಅವರು. ಬ್ಯಾಟರಿಗೆ ಇಂಡೆಂಟ್ ಮತ್ತೆ ಹಾಕಿದ್ದೇನೆ, ಈ ಸಲ ‘ಸುರಕ್ಷತಾ ಸಾಧನ’ ಎಂದು.

ಅದಕ್ಕೆ ಉತ್ತರವಾಗಿ ಆಡಿಟ್ ವಿಭಾಗದಿಂದ ಒಂದು ಆಕ್ಷೇಪಣೆ ಬಂದಿದೆ: ಇಷ್ಟು ಹಣ ಕೊಟ್ಟು ಖರೀದಿಸಿದ ಎಂಜಿನ್ ಸುಸ್ಥಿತಿಯಲ್ಲಿರುವಾಗಲೇ ಅದನ್ನು ಹಾರಾಟದ ನಡುವೆ ಬಂದ್ ಮಾಡಿದ್ದೇಕೆ, ವಿವರಿಸಿ. “ಗ್ಲೈಡರ್ ಹಾರಿಸುವ ಸಲುವಾಗಿ” ಎಂದು ಬರೆದು ಕಳಿಸಿದೆ. ಉತ್ತರ ಸಮರ್ಪಕವಾಗಿಲ್ಲ ಎಂದು ಕಡತ ವಾಪಸ್ಸು ಬಂದಿದೆ. ಈ ಸಲದ ಉತ್ತರವನ್ನು ಫೋರ್‌ಮನ್ನರೇ ಬರೆಯಲಿ ಎಂದು ಅವರ ಮೇಜಿನ ಮೇಲೆ ಇಟ್ಟಿದ್ದೇನೆ.