ಹಳದಿಯಿಂದ ಮುರ್ನೌವರೆಗೆ

ಮೊದಲು ಕಣ್ಣು ತುಂಬಿದ್ದು ಹಳದಿ. ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯದಲ್ಲಿ ರಷ್ಯನ್ ಚಿತ್ರಕಾರ ಕಾಂಡಿನ್‌ಸ್ಕಿಯ ‘ಇಂಪ್ರೆಶನ್ 3 (ಸಂಗೀತ ಕಚೇರಿ)’ ಎದುರು ನಿಂತಿದ್ದೆ. 1911ರ ಜನವರಿಯ ಮೊದಲ ದಿನಗಳಲ್ಲಿ ಇದೇ ಊರಿನಲ್ಲಿ ಸಂಗೀತ ರಚನಕಾರ ಶೋನ್‌ಬರ್ಗ್‌ನ ಸಂಗೀತ ಕೇಳಿ ಬಂದು, ಆ ಗುಂಗಿನಲ್ಲೇ ಆತ ಬರೆದ ತೈಲಚಿತ್ರವಿದು. ಮೇಲೆ ಕಾಣುವ ದೊಡ್ಡ ಕಪ್ಪು ಪಿಯಾನೊ. ಬಾಗಿ ಕುಳಿತ ಕೇಳುಗರು ಬರೀ ಗೀಟುಗಳು, ಬಣ್ಣದ ತೇಪೆಗಳು. ಬಲಗಡೆಯನ್ನೆಲ್ಲ ಹಳದಿ ಆವರಿಸಿಕೊಂಡಿದೆ. ಹತ್ತಿರ ಹೋದರೆ ಕುಂಚ ಓಡಿದ ಜಾಡು ಹಾಗೇ ಇದೆ. ಅದನ್ನು ನಯಗೊಳಿಸುವ ಗೋಜಿಗೆ ಆತ ಹೋಗಿಲ್ಲ. ಕಿವಿಗೆ ಬಿದ್ದದ್ದನ್ನು ಹೀಗೆ ಬಣ್ಣದಲ್ಲಿ ಸುರಿಯುವ ಧೈರ್ಯ ಎಲ್ಲಿಂದ ಬಂತು?

ಅದೇ ಸಂಗ್ರಹದಲ್ಲಿ ಆತನದೇ 1909ರ ಪುಟ್ಟ ಚಿತ್ರವೊಂದಿದೆ: ಮುರ್ನೌ ಎಂಬ ಊರಿನ ಬಳಿ ಓಡುವ ಕಪ್ಪು ರೈಲು, ತಂತಿ ಕಂಬಗಳು, ಕೈಬೀಸುವ ಒಂದು ಆಕೃತಿ. ಮರುದಿನ ತಂಗಿಯನ್ನು ಹೊರಡಿಸಿಕೊಂಡು ಮುರ್ನೌ ರೈಲು ಹತ್ತಿದೆ. ಸುಮಾರು ಒಂದು ಗಂಟೆಯ ದಾರಿ.

ಕಾಂಡಿನ್‌ಸ್ಕಿಯ ಸಂಗಾತಿ ಗೇಬ್ರಿಯಲ್ ಮ್ಯೂಂಟರ್ 1909ರಲ್ಲಿ ಕೊಂಡ ಮನೆ ಅಲ್ಲಿದೆ. ಊರವರು ಅದನ್ನು ‘ರಷ್ಯನ್ನರ ಮನೆ’ ಎನ್ನುತ್ತಿದ್ದರು. ಮೆಟ್ಟಿಲಿನ ಪಕ್ಕದ ಹಲಗೆಯ ಮೇಲೆ ಕಾಂಡಿನ್‌ಸ್ಕಿ ಬರೆದ ಹೂಗಳು, ಮೇಲಕ್ಕೆ ನೆಗೆಯುವ ಕುದುರೆ ಸವಾರರು. ಈ ಸೀಮೆಯ ಜನ ಗಾಜಿನ ಹಿಂಬದಿಯಲ್ಲಿ ಬರೆಯುತ್ತಿದ್ದ ದೇವರ ಚಿತ್ರಗಳನ್ನು ಇಬ್ಬರೂ ಆಸೆಯಿಂದ ಕೂಡಿಸಿದ್ದರು, ತಾವೂ ಬರೆದರು. ಕಪ್ಪು ಅಂಚು, ಒಳಗೆ ನೆರಳಿಲ್ಲದ ಹಸಿ ಬಣ್ಣ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಬಣ್ಣ ವಸ್ತುವಿನ ಋಣ ಕಳಚಿಕೊಳ್ಳಲು ಕಲಿತದ್ದು ಈ ಹಳ್ಳಿಗರ ಕೈಗಳಿಂದಲೂ ಹೌದು.

ಮ್ಯೂಂಟರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1914ರಲ್ಲಿ ಯುದ್ಧ ಶುರುವಾದಾಗ ಕಾಂಡಿನ್‌ಸ್ಕಿ ಜರ್ಮನಿ ಬಿಟ್ಟ; ಇಬ್ಬರ ಬಾಳೂ ಬೇರೆಯಾಯಿತು. ನಾಜಿಗಳು ಇಂಥ ಕಲೆಯನ್ನು ‘ಕೆಟ್ಟುಹೋದದ್ದು’ ಎಂದು ಜರೆದ ಕಾಲದಲ್ಲಿ ಆತನ ಚಿತ್ರಗಳನ್ನು ಈ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಕಾಪಾಡಿದವಳು ಆಕೆ. 1957ರಲ್ಲಿ, ತನ್ನ 80ನೆಯ ಹುಟ್ಟುಹಬ್ಬಕ್ಕೆ, ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಲೆನ್‌ಬಾಖ್‌ಹೌಸ್‌ಗೆ ಕೊಟ್ಟಳು. ಆಕೆಯೂ ದೊಡ್ಡ ಚಿತ್ರಕಾರ್ತಿ. ಆಕೆಯನ್ನು ಬರೀ ಕಾವಲುಗಾತಿಯೆಂದು ನೆನೆದರೆ ನನಗೆ ನೋವಾಗುತ್ತದೆ.

ಕಿಟಕಿಯ ಬಳಿ ನಿಂತೆವು. ಎದುರು ದಿಬ್ಬದ ಮೇಲೆ ಚರ್ಚು, ಕೆಳಗೆ ಹಳಿ.

“ಅಕ್ಕಾ, ರೈಲು ಬಂತು ನೋಡು,” ಎಂದಳು ತಂಗಿ.

ಬಂದದ್ದು ಕೆಂಪು ರೈಲು. ಅದು ಮರಗಳ ಹಿಂದೆ ಮರೆಯಾಗುವವರೆಗೂ ಇಬ್ಬರೂ ಕೈಬೀಸಿದೆವು.