ಡೆಬಿಟ್ ಮಾಡಿ ಅಂದರೆ ಕಳೆಯಿರಿ ಅಂತಲ್ಲ

ಅಕೌಂಟ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಬಂದವರು ಕಾಮರ್ಸ್ ಚೆನ್ನಾಗಿಯೇ ಓದಿರುತ್ತಾರೆ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ನಮ್ಮ ಲೆಡ್ಜರನ್ನೂ (ಖಾತೆವಾರು ಲೆಕ್ಕದ ಪುಸ್ತಕ) ಅಕ್ಕಪಕ್ಕ ಇಟ್ಟುಕೊಂಡು ಕೂತ ಮೊದಲ ದಿನವೇ ಈ ಪ್ರಶ್ನೆ ಬರುತ್ತದೆ: "ಮೇಡಂ, ಬ್ಯಾಂಕ್‌ನವರು ಕ್ರೆಡಿಟ್ ಅಂತ ಹಾಕಿದ್ದಾರೆ, ನಮ್ಮಲ್ಲಿ ಡೆಬಿಟ್ ಇದೆ. ಯಾವುದು ಸರಿ?"

ಎರಡೂ ಸರಿ.

ಈ ಗೊಂದಲ ಹೆಚ್ಚಾಗಿ ಮೊಬೈಲ್ ಮೆಸೇಜಿನಿಂದ ಬಂದದ್ದು. ಡೆಬಿಟ್ ಆಯಿತು ಅಂತ ಮೆಸೇಜ್ ಬಂದರೆ ದುಡ್ಡು ಹೋಯಿತು, ಕ್ರೆಡಿಟ್ ಆಯಿತು ಅಂದರೆ ದುಡ್ಡು ಬಂತು. ಇದನ್ನೇ ನೋಡಿ ನೋಡಿ ಡೆಬಿಟ್ ಅಂದರೆ ಕಳೆಯುವುದು, ಕ್ರೆಡಿಟ್ ಅಂದರೆ ಕೂಡುವುದು ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಆದರೆ ಆ ಮೆಸೇಜಿನಲ್ಲಿರುವುದು ಬ್ಯಾಂಕಿನ ಪುಸ್ತಕದ ಮಾತು, ನಮ್ಮ ಪುಸ್ತಕದ್ದಲ್ಲ.

ಡೆಬಿಟ್ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ, ಅಲ್ಲಿ ಅದರ ಅರ್ಥ ಬಾಕಿ ಕೊಡಬೇಕಾಗಿರುವುದು. ಕ್ರೆಡಿಟ್‌ನ ಬೇರಿಗೆ ನಂಬುವುದು ಅಂತ ಅರ್ಥ. ನನಗೆ ಕೊಡಬೇಕಾದವರ ಖಾತೆಯನ್ನು ನಾನು ಡೆಬಿಟ್ ಮಾಡುತ್ತೇನೆ. ನನ್ನನ್ನು ನಂಬಿ ಕೊಟ್ಟವರ ಖಾತೆಯನ್ನು ಕ್ರೆಡಿಟ್ ಮಾಡುತ್ತೇನೆ. ಈಗ ನಾವು ಬ್ಯಾಂಕಿಗೆ 10,000 ನಗದು ಕಟ್ಟಿದೆವು ಅಂತಿಟ್ಟುಕೊಳ್ಳಿ. ಆ ದುಡ್ಡನ್ನು ಬ್ಯಾಂಕ್ ಎಂದಾದರೂ ನಮಗೆ ಕೊಡಲೇಬೇಕು. ಹಾಗಾಗಿ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್, ನಗದು ಖಾತೆ ಕ್ರೆಡಿಟ್. ಬ್ಯಾಂಕಿನ ಕಡೆಯಿಂದ ನೋಡಿದರೆ ನಾವು ಅವರನ್ನು ನಂಬಿ ಕೊಟ್ಟವರು. ಅವರ ಪುಸ್ತಕದಲ್ಲಿ ನಗದು ಡೆಬಿಟ್, ನಮ್ಮ ಖಾತೆ ಕ್ರೆಡಿಟ್. ನಡೆದದ್ದು ಒಂದೇ ವ್ಯವಹಾರ, ನೋಡುವ ಕಡೆ ಮಾತ್ರ ಬೇರೆ.

ವೆನಿಸ್‌ನ ವ್ಯಾಪಾರಿಗಳು ಹೀಗೆ ಎರಡೂ ಕಡೆ ಬರೆಯುವ ಪದ್ಧತಿಯನ್ನು ಮೊದಲೇ ಬಳಸುತ್ತಿದ್ದರು. 1494ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಚೋಲಿ ಅದನ್ನು ವಿವರಿಸಿ ಅಚ್ಚು ಹಾಕಿಸಿದರು. ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್ ಅನ್ನುವುದು ಇವತ್ತಿನ ಸಾಫ್ಟ್‌ವೇರ್‌ನಲ್ಲೂ ಬದಲಾಗಿಲ್ಲ.

ಕ್ರೆಡಿಟ್‌ಗೆ ಜಮಾ, ಡೆಬಿಟ್‌ಗೆ ಖರ್ಚು ಅನ್ನುವ ನಮ್ಮ ಜೋಡಿಯೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಕಂಪ್ಯೂಟರ್ ಕೊಂಡರೆ ಕಂಪ್ಯೂಟರ್ ಖಾತೆಗೆ ಡೆಬಿಟ್. ಅದನ್ನು ಖರ್ಚು ಅಂದುಕೊಂಡರೆ ಕೆಟ್ಟಿತು, ಅದು ಆಸ್ತಿ. ಆಸ್ತಿ ಹೆಚ್ಚಾದರೂ ಡೆಬಿಟ್, ಖರ್ಚು ಹೆಚ್ಚಾದರೂ ಡೆಬಿಟ್. ಸಾಲ, ಬಂಡವಾಳ, ಆದಾಯ ಹೆಚ್ಚಾದರೆ ಕ್ರೆಡಿಟ್.

ಈ ಎರಡು ಪದ ಅದಲುಬದಲಾದರೆ ಏನಾಗುತ್ತದೆ ಅನ್ನುವುದನ್ನು ನಾನು ಜಾಸ್ತಿ ಹೊತ್ತು ಹೇಳಿಕೊಡುತ್ತೇನೆ. ಒಬ್ಬ ಗ್ರಾಹಕ 2,700 ಬಾಕಿ ಇಟ್ಟಿದ್ದ, ಈಗ ಪೂರ್ತಿ ಕಟ್ಟಿದ. ಬ್ಯಾಂಕ್ ಡೆಬಿಟ್, ಗ್ರಾಹಕ ಕ್ರೆಡಿಟ್ ಆಗಬೇಕು. ಬ್ಯಾಂಕ್ ಕಡೆ ಸರಿಯಾಗಿ ಬರೆದು ಗ್ರಾಹಕನನ್ನೂ ಡೆಬಿಟ್ ಮಾಡಿದರೆ ಟ್ರಯಲ್ ಬ್ಯಾಲೆನ್ಸಿನಲ್ಲಿ, ಅಂದರೆ ಎಲ್ಲ ಖಾತೆಗಳ ಡೆಬಿಟ್ ಮೊತ್ತವನ್ನೂ ಕ್ರೆಡಿಟ್ ಮೊತ್ತವನ್ನೂ ಹೋಲಿಸಿ ನೋಡುವ ಪಟ್ಟಿಯಲ್ಲಿ, 5,400 ವ್ಯತ್ಯಾಸ ಬರುತ್ತದೆ. ಹಳಬರು ವ್ಯತ್ಯಾಸ ಕಂಡ ಕೂಡಲೇ ಅದರ ಅರ್ಧ ಮೊತ್ತವನ್ನು ಹುಡುಕುವುದು ಇದಕ್ಕೇ. 2,700ರ ಎಂಟ್ರಿಗಳನ್ನು ನೋಡುತ್ತಾ ಹೋದರೆ ತಪ್ಪು ಸಿಕ್ಕಿಬಿಡುತ್ತದೆ.

ಎರಡೂ ಕಡೆ ತಿರುಗಾಮುರುಗಾ ಆದರೆ ಕಷ್ಟ. ಆಗ ಟ್ರಯಲ್ ಬ್ಯಾಲೆನ್ಸ್ ಚೆನ್ನಾಗಿಯೇ ಟ್ಯಾಲಿ ಆಗುತ್ತದೆ. ದುಡ್ಡು ಕಟ್ಟಿದ ಗ್ರಾಹಕನ ಹೆಸರಿನಲ್ಲಿ ಮಾತ್ರ 5,400 ಬಾಕಿ ಕೂತಿರುತ್ತದೆ. ಅವರಿಗೆ ಬಾಕಿ ಪತ್ರ ಹೋದರೆ ಎಷ್ಟು ಬೇಸರ ಆಗಬೇಡ, ಅಲ್ವಾ? ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಒಂದೊಂದೇ ಸಾಲು ತಾಳೆ ನೋಡಿದಾಗಲೇ ಇದು ಹೊರಬರುವುದು. ಸರಿಪಡಿಸಲು ಇನ್ನೊಂದು 2,700 ಸಾಲದು. ಹಳೆಯ ಎಂಟ್ರಿ ಅಳಿಸಲು ಒಂದು 2,700, ನಿಜವಾದ ಜಮೆಗೆ ಇನ್ನೊಂದು. ಕೆಲವರು 5,400ರ ಒಂದೇ ಎಂಟ್ರಿ ಹಾಕಿ ಮುಗಿಸುತ್ತಾರೆ. ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ 5,400 ಯಾರೂ ಕೊಟ್ಟಿಲ್ಲ, ಆರು ತಿಂಗಳ ನಂತರ ಆಡಿಟರ್ ಕೇಳಿದಾಗ ವಿವರಿಸಬೇಕಾಗುತ್ತದೆ. ಎರಡು ಬೇರೆ ಎಂಟ್ರಿ ಹಾಕಿ, ಕೆಳಗೆ ವಿವರಣೆ ಬರೆಯುವುದೇ ನನಗೆ ಒಪ್ಪಿಗೆ.

ಡೆಬಿಟ್ ನೋಟ್, ಕ್ರೆಡಿಟ್ ನೋಟ್ ಕೂಡ ಹೀಗೆಯೇ. ನಿಮ್ಮ ಖಾತೆಯನ್ನು ನಮ್ಮ ಪುಸ್ತಕದಲ್ಲಿ ಡೆಬಿಟ್ ಅಥವಾ ಕ್ರೆಡಿಟ್ ಮಾಡಿದ್ದೇವೆ ಅಂತ ತಿಳಿಸುವ ಚೀಟಿಗಳು ಅವು. ಸರಕು ವಾಪಸ್ ಕಳಿಸಿದಾಗ ಕೊಂಡವರು ಡೆಬಿಟ್ ನೋಟ್ ಕೊಡುತ್ತಾರೆ, ಮಾರಿದವರು ಕ್ರೆಡಿಟ್ ನೋಟ್ ಕೊಡುತ್ತಾರೆ.

ಹಾಗಾಗಿ "2,700 ಡೆಬಿಟ್ ಮಾಡಿ" ಅಂತ ಸುಮ್ನೆ ಬರೆದ ಇಮೇಲನ್ನು ನಾನು ನಮ್ಮ ಹುಡುಗರಿಗೆ ವಾಪಸ್ ಕಳಿಸುತ್ತೇನೆ. ಯಾರ ಪುಸ್ತಕದಲ್ಲಿ, ಯಾವ ಖಾತೆಗೆ, ಎದುರು ಖಾತೆ ಯಾವುದು, ಈ ಮೂರೂ ಇದ್ದರೆ ಮಾತ್ರ ಎಂಟ್ರಿ ಹಾಕಲು ಒಪ್ಪುತ್ತೇನೆ.