ಸ್ಪೇ ದಂಡೆಯ ಪೀಪಾಯಿ ಅಂಗಳ

ಎಲ್ಗಿನ್‌ನಲ್ಲಿ ರೈಲು ಇಳಿದು ಬಸ್ಸು ಹಿಡಿದರೆ ಕ್ರೇಗೆಲ್ಲಾಖಿ ದೂರವಿಲ್ಲ. ಸ್ಕಾಟ್ಲೆಂಡಿನ ಸ್ಪೇ ನದಿ ಪಕ್ಕದ ಪುಟ್ಟ ಹಳ್ಳಿ. ಥಾಮಸ್ ಟೆಲ್ಫರ್ಡ್ 1814ರಲ್ಲಿ ಕಟ್ಟಿ ಮುಗಿಸಿದ ಎರಕದ ಕಬ್ಬಿಣದ ಸೇತುವೆ ಇಲ್ಲಿದೆ. ಸುಮ್ನೆ ನಿಂತು ನೋಡುವಷ್ಟು ಚೆಂದ. ಆದರೆ ಈ ಕಡೆ ಜನ ಬರುವುದು ವಿಸ್ಕಿಗೆ. ನಾನು ಡಿಸ್ಟಿಲರಿಗಳನ್ನು ಆಮೇಲೆ ನೋಡೋಣ ಅಂತ ಮೊದಲು ಸ್ಪೇಸೈಡ್ ಕೂಪರೇಜ್‌ಗೆ ನಡೆದೆ. 1947ರಿಂದ ಅವರದು ವಿಸ್ಕಿ ಮಾಗಿಸುವ ಪೀಪಾಯಿ ಕಟ್ಟುವ, ರಿಪೇರಿ ಮಾಡುವ ಕೆಲಸ.

ಮೇಲಿನ ಗ್ಯಾಲರಿಯಲ್ಲಿ ನಿಂತರೆ ಕೆಳಗೆ ಎಲ್ಲವೂ ಕಾಣುತ್ತದೆ. ಸುತ್ತಿಗೆ ಏಟಿಗೆ ಕಿವಿ ಗುಂಯ್ ಅನ್ನುತ್ತದೆ. ಅಂಟಿಲ್ಲ, ಮೊಳೆ ಇಲ್ಲ. ಓಕ್ ಹಲಗೆಗಳನ್ನು ಕಬ್ಬಿಣದ ಬಳೆಗಳೇ ಬಿಗಿಯಾಗಿ ಹಿಡಿದಿರಬೇಕು. ಸಂದಿಗೆ ಒಣ ಜೊಂಡು ತುರುಕುತ್ತಾರೆ, ಅಷ್ಟೇ. ಕೂಲಿ ಪೀಪಾಯಿ ಲೆಕ್ಕಕ್ಕೆ. ಹಾಗಾಗಿ ಯಾರೂ ತಲೆ ಎತ್ತುವುದಿಲ್ಲ.

ಹೊರಗಿನ ಅಂಗಳದಲ್ಲಿ ಪೀಪಾಯಿಗಳ ಗುಡ್ಡಗಳು. ಅಮೆರಿಕದಿಂದ ಬಂದ ಬೋರ್ಬನ್ (ಅಲ್ಲಿನ ಜೋಳದ ವಿಸ್ಕಿ) ಬ್ಯಾರೆಲ್ ಸುಮಾರು 200 ಲೀಟರ್. ಹಾಗ್ಸ್‌ಹೆಡ್ 250. ಷೆರಿ ಎಂಬ ಸ್ಪೇನ್ ವೈನ್ ತುಂಬಿದ್ದ ಬಟ್ 500, ಮನುಷ್ಯನ ಎದೆ ಮುಟ್ಟುವ ದೈತ್ಯ. ಅದರ ಕಾಲು ಭಾಗ, ಅಂದರೆ 125 ಲೀಟರಿನದು ಕ್ವಾರ್ಟರ್ ಕಾಸ್ಕ್. ಸ್ಕಾಚ್ ಕಾನೂನಿನಲ್ಲಿ 700 ಲೀಟರಿಗಿಂತ ದೊಡ್ಡದು ನಡೆಯುವುದಿಲ್ಲ. ವಿಸ್ಕಿ ಓಕ್‌ನಲ್ಲಿ ಕನಿಷ್ಠ 3 ವರ್ಷ ಇರಲೇಬೇಕು, ಪೀಪಾಯಿ ಎಷ್ಟೇ ಚಿಕ್ಕದಿರಲಿ.

ಚಿಕ್ಕದಾದರೆ ಏನು ಲಾಭ? ಒಂದೇ ಆಕಾರ ಅಂದುಕೊಂಡು ಅಲ್ಲೇ ಲೆಕ್ಕ ಹಾಕಿದೆ. ಬಟ್‌ನಲ್ಲಿರುವ ಒಂದು ಲೀಟರಿಗೆ ಸಿಗುವ ಮರಕ್ಕಿಂತ ಕ್ವಾರ್ಟರ್ ಕಾಸ್ಕ್‌ನ ಲೀಟರಿಗೆ ಸುಮಾರು 1.6 ಪಟ್ಟು ಜಾಸ್ತಿ ಮರ ತಾಗುತ್ತದೆ. ಬಣ್ಣ, ವೆನಿಲಾ, ಒಗರು ಎಲ್ಲವೂ ಬೇಗ ಇಳಿಯುತ್ತವೆ. ಆವಿಯೂ ಜಾಸ್ತಿ ಹೋಗುತ್ತದೆ. ಆದರೆ ಪೀಪಾಯಿಯೊಳಗೆ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಮರದ ಮೂಲಕ ಸ್ವಲ್ಪಸ್ವಲ್ಪವೇ ಗಾಳಿ ಒಳಬಂದು ಹಸಿ ಸ್ಪಿರಿಟ್ಟಿನ ಒರಟು ಕಳೆಯಬೇಕು, ಹಣ್ಣಿನ ಪರಿಮಳ ಹುಟ್ಟಬೇಕು. ಅದಕ್ಕೆ ವರ್ಷಗಳೇ ಬೇಕು. ಮರ ಮುಂದೆ ಓಡಿ ಈ ಕೆಲಸ ಹಿಂದೆ ಉಳಿದರೆ, ಜಾಸ್ತಿ ಕುದಿಸಿದ ಟೀ ಥರ ನಾಲಿಗೆ ಒಣಗುತ್ತದೆ.

ಲಾಫ್ರೋಯಿಗ್ ಡಿಸ್ಟಿಲರಿಯವರು ಇದಕ್ಕೆ ಒಳ್ಳೆಯ ದಾರಿ ಹುಡುಕಿದ್ದಾರೆ. ಅವರ ಕ್ವಾರ್ಟರ್ ಕಾಸ್ಕ್ ವಿಸ್ಕಿ ಮೊದಲು ಮಾಮೂಲಿ ಬೋರ್ಬನ್ ಬ್ಯಾರೆಲ್‌ನಲ್ಲಿ ಮಾಗುತ್ತದೆ. ಚಿಕ್ಕದಕ್ಕೆ ಸುರಿಯುವುದು ಕೊನೆಯ ಕೆಲವು ತಿಂಗಳಿಗೆ ಮಾತ್ರ. ಸಂಜೆ ಅದನ್ನೇ ಕುಡಿದೆ. ಆಲ್ಕೋಹಾಲ್ 48% ಇದ್ದರೂ ಅದರ ಹೊಗೆ ವಾಸನೆಯ ಹಿಂದೆ ಸಿಹಿ ಚೆನ್ನಾಗಿಯೇ ಬಂತು.

ಅದು ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಅದೇ ವರ್ಷ ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಗ್ಲಾಸ್ಗೋದಲ್ಲಿ ಬಿಡುಗಡೆಯಾಗಿತ್ತು! ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಿನಲ್ಲಿ 10%ಕ್ಕೂ ಜಾಸ್ತಿ. ಮರವನ್ನು ಅವಸರಪಡಿಸಲು ನಮಗೆ ಪೀಪಾಯಿ ಚಿಕ್ಕದು ಮಾಡಬೇಕಾಗಿಲ್ಲ, ಮೈಸೂರು ರಸ್ತೆಯ ಬಿಸಿಲೇ ಸಾಕು ಅಲ್ವಾ?

ಆಮೇಲೆ ಪಕ್ಕದೂರಿನ ಗ್ಲೆನ್‌ಫಾರ್ಕ್ಲಾಸ್ ತರಿಸಿದೆ. ಷೆರಿ ಪೀಪಾಯಿಯಲ್ಲಿ 15 ವರ್ಷ ಕೂತದ್ದು. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಒಗರು ಹಿತಮಿತ. ನನ್ನ ವೋಟು ಇದಕ್ಕೇ. ಬೆಲೆ ಮಾತ್ರ ಕೇಳಬೇಡಿ.